ಅಜ್ಜನ ಮಿಲಿಟರಿ ಫೋಟೊ ಓದುವುದು ಹೇಗೆ? ಯುದ್ಧಕಾಲದ ಚಿತ್ರಗಳ ಹಿಂದಿನ ಚರಿತ್ರೆ ಹುಡುಕುವವರಿಗೊಂದು ಸಮಗ್ರ ಮಾರ್ಗದರ್ಶಿ

ನಮ್ಮ ದೊಡ್ಡಪ್ಪನ ಮನೆಯ ದೇವರ ಕೋಣೆಯಲ್ಲಿ ಒಂದು ಫೋಟೊ ಇತ್ತು. ಪೇಟ ಸುತ್ತಿದ, ಮೀಸೆ ತಿರುವಿದ ಒಬ್ಬ ಸವಾರ. ಒಂದು ಕೈ ಕುರ್ಚಿಯ ಬೆನ್ನಿನ ಮೇಲೆ. ಎದೆಯ ಮೇಲೆ ಎರಡು ಪದಕ. ಗಾಜಿನ ಮೇಲೆ ಹಣೆಯ ಜಾಗಕ್ಕೆ ಸರಿಯಾಗಿ ಕುಂಕುಮ ಹಚ್ಚಿರುತ್ತಿದ್ದರು. ‘ಹೈಫಾ ಯುದ್ಧದಲ್ಲಿ ತೆಗೆದದ್ದು’ ಅಂತ ಮನೆಯವರೆಲ್ಲ ಹೇಳುತ್ತಿದ್ದರು. ನಾನೂ ಅದನ್ನೇ ಹೇಳಿಕೊಂಡು ಬೆಳೆದೆ. ಹೈಫಾ ಈಗಿನ ಇಸ್ರೇಲಿನ ಊರು. ಮೊದಲ ಮಹಾಯುದ್ಧದಲ್ಲಿ ಮೈಸೂರು ಸಂಸ್ಥಾನದ ಅಶ್ವದಳವಾದ ಮೈಸೂರು ಲ್ಯಾನ್ಸರ್ಸ್ ಅಲ್ಲಿ ಕಾದಾಡಿತ್ತು. ಫೋಟೊದಲ್ಲಿದ್ದವನು ಆ ದಳದ ಸವಾರ.

ಆ ಫೋಟೊ ಹೈಫಾದಲ್ಲಿ ತೆಗೆದದ್ದಲ್ಲ. ಅದನ್ನು ನನಗೆ ಹೇಳಿಕೊಟ್ಟದ್ದು ಆ ಎರಡು ಪದಕಗಳೇ. ಹೇಗೆ ಅಂತ ಐದನೇ ಹೆಜ್ಜೆಯಲ್ಲಿ ಬರುತ್ತದೆ. ಅದಾದ ಮೇಲೆ ಎಷ್ಟೋ ಮನೆಗಳ ಹಳೆಯ ಮಿಲಿಟರಿ ಫೋಟೊ ನೋಡಿದ್ದೇನೆ. ನಾನು ಕಲಿತ ಮುಖ್ಯ ಪಾಠ ಒಂದೇ: ಚಿತ್ರದಲ್ಲಿ ಕಾಣುವುದನ್ನು ಮೊದಲು ಓದಿ, ಅಡಿಬರಹವನ್ನು ಕೊನೆಗೆ ನಂಬಿ. ಮನೆಯ ಆಲ್ಬಮ್ಮಿನ ಚಿತ್ರಕ್ಕೂ, ಇಡೀ ಜಗತ್ತು ನೋಡಿದ ಯುದ್ಧದ ಚಿತ್ರಕ್ಕೂ ಈ ಮಾತು ಸಲ್ಲುತ್ತದೆ.

ಹೆಜ್ಜೆ 1: ಮೊದಲು ಫೋಟೊ ಉಳಿಸಿಕೊಳ್ಳಿ

ಫ್ರೇಮ್ ಬಿಚ್ಚುವ ಆತುರ ಬೇಡ. ನಮ್ಮ ಮಳೆಗಾಲದ ತೇವಕ್ಕೆ ಹಳೆಯ ಫೋಟೊ ಗಾಜಿಗೆ ಅಂಟಿಕೊಂಡಿರುತ್ತದೆ. ಫೋಟೊದ ಮೇಲ್ಪದರ ಜೆಲಾಟಿನ್. ನೆನೆದರೆ ಅಂಟಾಗುತ್ತದೆ, ಒಣಗಿದರೆ ಗಾಜನ್ನೇ ಹಿಡಿದುಕೊಳ್ಳುತ್ತದೆ. ಒಮ್ಮೆ ನಾನು ಒಂದು ಅಂಗಡಿಗೆ ಫ್ರೇಮ್ ಬದಲಿಸಲು ಕೊಟ್ಟಿದ್ದೆ. ಅವರು ಗಾಜಿನಿಂದ ಎಳೆದು ತೆಗೆದರು. ಅರ್ಧ ಮುಖ ಗಾಜಿನ ಮೇಲೇ ಉಳಿಯಿತು. ಆ ಸಂಕಟ ನಿಮಗೆ ಬೇಡ. ಅಂಟಿದ್ದರೆ ಹಾಗೇ ಬಿಡಿ. ಗಾಜಿನ ಮೇಲಿಂದಲೇ, ಕಿಟಕಿಯ ಪಕ್ಕದ ಓರೆ ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ ಫೋಟೊ ತೆಗೆಯಿರಿ.

ಬಿಡಿಯಾಗಿರುವ ಫೋಟೊ ಆದರೆ ಸ್ಕ್ಯಾನ್ ಮಾಡಿ. 600 ಡಿಪಿಐ ಕನಿಷ್ಠ. ಸಣ್ಣ ಗುಂಪು ಚಿತ್ರಕ್ಕೆ 1200 ಇಡಿ. ಟಿಫ್ ಫೈಲ್ ಆಗಿ ಉಳಿಸಿ. ಹಿಂಬದಿಯನ್ನೂ, ಅಂಟಿಸಿರುವ ರಟ್ಟಿನ ಅಂಚನ್ನೂ ಬಿಡಬೇಡಿ. ಲ್ಯಾಮಿನೇಶನ್ ಮಾಡಿಸಬೇಡಿ, ಸೆಲ್ಲೋಟೇಪ್ ಹಚ್ಚಬೇಡಿ. ಮೊಬೈಲ್ ಆ್ಯಪ್‌ನಲ್ಲಿ ಬಣ್ಣ ತುಂಬಿಸುವುದು, ಮುಖ ‘ಸ್ಪಷ್ಟ’ ಮಾಡಿಸುವುದು ಈ ಕೆಲಸಕ್ಕೆ ಬರುವುದಿಲ್ಲ. ಆ್ಯಪ್ ತನಗೆ ತೋಚಿದ ಬ್ಯಾಡ್ಜ್ ಬಿಡಿಸಿಬಿಡುತ್ತದೆ. ನೀವು ಹುಡುಕುತ್ತಿರುವುದೇ ಆ ಬ್ಯಾಡ್ಜ್ ಅಲ್ವಾ?

ಹೆಜ್ಜೆ 2: ಕಂಡದ್ದನ್ನಷ್ಟೇ ಬರೆಯಿರಿ

ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಅರ್ಧ ಗಂಟೆ ಆ ಫೋಟೊ ಜೊತೆ ಕೂತುಕೊಳ್ಳಿ. ಎಡದಿಂದ ಬಲಕ್ಕೆ, ಮೇಲಿನಿಂದ ಕೆಳಕ್ಕೆ, ಕಂಡದ್ದನ್ನು ಬರೆಯುತ್ತಾ ಹೋಗಿ. ‘ವೀರ ಸೈನಿಕ’ ಅಂತ ಬರೆಯಬೇಡಿ. ‘ಕಾಲಿಗೆ ಬಟ್ಟೆ ಪಟ್ಟಿ ಸುತ್ತಿದೆ, ಸೊಂಟದ ಬೆಲ್ಟಿಗೆ ಒಂದೇ ಬಕಲ್, ಹಿಂದಿನ ಪರದೆಯ ಮೇಲೆ ಕಂಬದ ಚಿತ್ರ’ ಅಂತ ಬರೆಯಿರಿ. ಕಂಬದ ಪರದೆ, ಕುರ್ಚಿ, ಹೂಕುಂಡ ಇದ್ದರೆ ಅದು ಸ್ಟುಡಿಯೊ. ರಣರಂಗದಲ್ಲಿ ಯಾರೂ ಹೂಕುಂಡ ಇಡುವುದಿಲ್ಲ.

ಚಿತ್ರ ತಿರುಗುಮುರುಗಾಗಿದೆಯಾ ಅಂತ ಈಗಲೇ ನೋಡಿಕೊಳ್ಳಿ. ನೆಗೆಟಿವ್ ಉಲ್ಟಾ ಇಟ್ಟು ಪ್ರಿಂಟ್ ಹಾಕಿದ ಫೋಟೊಗಳು ಸಿಗುತ್ತವೆ. ಪದಕ ತೊಡುವುದು ಸೈನಿಕನ ಎಡ ಎದೆಯ ಮೇಲೆ. ಅಂದರೆ ನೋಡುವವರ ಬಲಕ್ಕೆ ಕಾಣಬೇಕು. ಆ ಕಾಲದ .303 ಲೀ-ಎನ್‌ಫೀಲ್ಡ್ ರೈಫಲ್‌ನ ಬೋಲ್ಟ್ ಹಿಡಿ ಇರುವುದು ಬಲಗಡೆ. ಇವೆರಡೂ ಅದಲುಬದಲಾಗಿದ್ದರೆ ಚಿತ್ರ ತಿರುಗಿದೆ ಅಂತ ಅರ್ಥ. ಪದಕ ಮಾತ್ರ ಬಲ ಎದೆಯ ಮೇಲಿದ್ದು ಉಳಿದದ್ದೆಲ್ಲ ಸರಿ ಇದ್ದರೆ, ತೀರಿಕೊಂಡ ತಂದೆಯದೋ ಅಜ್ಜನದೋ ಪದಕವನ್ನು ಮನೆಯವರು ತೊಟ್ಟಿರಬಹುದು. ಆ ಪದ್ಧತಿ ಇದೆ.

ಹೆಜ್ಜೆ 3: ಹಿಂಬದಿ ತಿರುಗಿಸಿ

ಸ್ಟುಡಿಯೊ ಮುದ್ರೆ, ಊರಿನ ಹೆಸರು, ನಂಬರ್, ಅಂಚೆ ಗುರುತು ಎಲ್ಲವನ್ನೂ ಬರೆದುಕೊಳ್ಳಿ. ಮೊದಲ ಮಹಾಯುದ್ಧದ ಎಷ್ಟೋ ಫೋಟೊಗಳನ್ನು ಪೋಸ್ಟ್ ಕಾರ್ಡ್ ಕಾಗದದ ಮೇಲೇ ಪ್ರಿಂಟ್ ಹಾಕುತ್ತಿದ್ದರು. ಹಿಂದೆ ಫ್ರೆಂಚ್‌ನಲ್ಲಿ ‘ಕಾರ್ತ್ ಪೋಸ್ತಾಲ್’ ಅಂತ ಅಚ್ಚಾಗಿದ್ದರೆ ಕಾಗದ ಫ್ರೆಂಚ್ ಮಾತಾಡುವ ಕಡೆಯದಾಗಿರಬಹುದು.

ಕೈಬರಹ ಇದ್ದರೆ ಶಾಯಿ ನೋಡಿ. ಬಾಲ್ ಪೆನ್ ಜನರ ಕೈಗೆ ಬಂದದ್ದು ಎರಡನೇ ಮಹಾಯುದ್ಧ ಮುಗಿದ ಮೇಲೆ. ‘1918’ ಅಂತ ಬಾಲ್ ಪೆನ್ನಿನಲ್ಲಿ ಬರೆದಿದ್ದರೆ, ಬರೆದವರು ಮಗನೋ ಮೊಮ್ಮಗಳೋ ಇರಬೇಕು. ಅವರು ಕೇಳಿದ್ದನ್ನು ಬರೆದಿಟ್ಟಿದ್ದಾರೆ. ಅದು ಸುಳಿವು, ಸಾಕ್ಷಿ ಆಗುವುದಿಲ್ಲ.

ಹೆಜ್ಜೆ 4: ಉಡುಪಿನಿಂದ ಕಾಲ ಹಿಡಿಯಿರಿ

ಇಲ್ಲಿಂದ ಕೆಲಸ ರುಚಿ ಹತ್ತುತ್ತದೆ. ಭೂತಗನ್ನಡಿ ಹತ್ತಿರ ಇಟ್ಟುಕೊಳ್ಳಿ.

ಮೊದಲು ಕಿರೀಟ ಹುಡುಕಿ. ಟೋಪಿ, ಭುಜ, ಗುಂಡಿ, ಎಲ್ಲಾದರೂ ಇರುತ್ತದೆ. ವಿಕ್ಟೋರಿಯಾ ರಾಣಿಯ ಕಾಲದ ಕಿರೀಟದ ಕಮಾನು ನಡುವೆ ತಗ್ಗುತ್ತದೆ. 1901ರ ನಂತರದ ರಾಜರ ಕಿರೀಟ ಗುಮ್ಮಟದ ಹಾಗೆ ಉಬ್ಬಿರುತ್ತದೆ. 1950ರ ಜನವರಿ 26ರಿಂದ ಕಿರೀಟ ಹೋಗಿ ಅಶೋಕ ಸ್ತಂಭದ ಸಿಂಹ ಬಂತು. ಆದ್ದರಿಂದ ಮೇಜರ್‌ನ ಭುಜದ ಮೇಲೆ ಕಿರೀಟ ಇದ್ದರೆ ಚಿತ್ರ ಆ ದಿನಕ್ಕಿಂತ ಹಿಂದಿನದು, ಸಿಂಹ ಇದ್ದರೆ ಮುಂದಿನದು. ‘ಜಮಾದಾರ್’ ಎಂಬ ಹುದ್ದೆಯೂ ಹೀಗೇ ಸಹಾಯಕ್ಕೆ ಬರುತ್ತದೆ. 1965ರಲ್ಲಿ ಅದಕ್ಕೆ ‘ನಾಯಬ್ ಸುಬೇದಾರ್’ ಅಂತ ಹೊಸ ಹೆಸರು ಬಂತು.

ತಲೆಯ ಮೇಲೆ ಅಗಲ ಅಂಚಿನ, ತಟ್ಟೆಯಂಥ ಉಕ್ಕಿನ ಹೆಲ್ಮೆಟ್ ಇದ್ದರೆ 1914 ಅಂತ ಬರೆಯಬೇಡಿ. ಬ್ರಿಟಿಷ್ ಸೇನೆಗೆ ಅದು ಬಂದದ್ದೇ 1915ರ ಕೊನೆಯಲ್ಲಿ.

ಭುಜದ ಮೇಲಿನ ಹಿತ್ತಾಳೆ ಅಕ್ಷರ, ನಂಬರ್ ಓದಲು ಆದರೆ ಅರ್ಧ ಕೆಲಸ ಮುಗಿದ ಹಾಗೆ. ಒಂದೇ ಒಂದು ವರ್ಷ ನೆನಪಿಡಿ: 1922. ಆ ವರ್ಷ ಭಾರತೀಯ ಸೇನೆಯ ಬಹುತೇಕ ಪಲ್ಟಣಗಳ ನಂಬರ್‌ ಬದಲಾದವು. ಉದಾಹರಣೆಗೆ 110ನೇ ಮರಾಠಾ ಲೈಟ್ ಇನ್‌ಫೆಂಟ್ರಿ ಅಂದಿನಿಂದ 5ನೇ ಮರಾಠಾ ಲೈಟ್ ಇನ್‌ಫೆಂಟ್ರಿಯ 3ನೇ ಬೆಟಾಲಿಯನ್ ಆಯಿತು. ಹಾಗಾಗಿ ಭುಜದ ಮೇಲೆ 110 ಅಂತ ಕಂಡರೆ 1922ಕ್ಕಿಂತ ಹಿಂದಿನ ಉಡುಪು. ಮೈಸೂರು ಸಂಸ್ಥಾನದ ಪಡೆ ಆದರೆ ಗಂಡಭೇರುಂಡ ಇದೆಯಾ ನೋಡಿ.

ಎರಡನೇ ಮಹಾಯುದ್ಧದ ಚಿತ್ರ ಆಗಿದ್ದರೆ ತೋಳಿನ ಮೇಲೆ ಬಟ್ಟೆಯ ಗುರುತು ಇರಬಹುದು. ಕೆಂಪು ಹದ್ದು 4ನೇ ಭಾರತೀಯ ಡಿವಿಷನ್‌ದು. ಉತ್ತರ ಆಫ್ರಿಕಾದಲ್ಲಿ ಕಾದಾಡಿ ಇಟಲಿಯ ಮಾಂಟೆ ಕ್ಯಾಸಿನೊಗೆ ಹೋದವರು. ಕಪ್ಪು ಬೆಕ್ಕು 17ನೇ ಡಿವಿಷನ್‌ದು, ಕಠಾರಿ ಹಿಡಿದ ಕೈ 19ನೇದು, ಎರಡೂ ಬರ್ಮಾ. ಗುರುತಿನ ಜಾಗದಲ್ಲಿ ಬರೀ ಕಲೆ, ಇಲ್ಲವೇ ಗೀಚಿದ ಹಾಗೆ ಇದ್ದರೆ ಬೇಜಾರು ಮಾಡಿಕೊಳ್ಳಬೇಡಿ. ಯುದ್ಧ ನಡೆಯುವಾಗ ಸೆನ್ಸಾರ್‌ನವರು ಪಡೆಯ ಗುರುತುಗಳನ್ನು ಅಳಿಸುತ್ತಿದ್ದರು. ಅಳಿಸಿದ ಗುರುತೂ ಒಂದು ಮಾಹಿತಿಯೇ: ಚಿತ್ರ ಸೆನ್ಸಾರ್ ಕೈ ದಾಟಿ ಬಂದಿದೆ.

ಹೆಜ್ಜೆ 5: ಪದಕ ಓದಿ, ನಿಧಾನವಾಗಿ

ನಮ್ಮ ದೇವರ ಕೋಣೆಯ ಸವಾರನ ಬಳಿಗೆ ಬರೋಣ. ಅವನ ಎದೆಯ ಮೇಲೆ ಎರಡು ದುಂಡು ಪದಕ. ಒಂದು ಬ್ರಿಟಿಷ್ ವಾರ್ ಮೆಡಲ್, ಇನ್ನೊಂದು ವಿಕ್ಟರಿ ಮೆಡಲ್. ಈ ಎರಡನ್ನೂ ಸ್ಥಾಪಿಸಿದ್ದೇ 1919ರಲ್ಲಿ. ಹೈಫಾ ಕೈಗೆ ಬಂದದ್ದು 1918ರ ಸೆಪ್ಟೆಂಬರ್ 23ಕ್ಕೆ. ಇನ್ನೂ ಹುಟ್ಟದ ಪದಕ ತೊಟ್ಟು ಯಾರೂ ಫೋಟೊ ತೆಗೆಸಿಕೊಳ್ಳಲು ಆಗುವುದಿಲ್ಲ. ಅಂದರೆ ಸವಾರ ಊರಿಗೆ ಮರಳಿ, ಪದಕ ಕೈಗೆ ಬಂದ ಮೇಲೆ, ಒಳ್ಳೆ ಬಟ್ಟೆ ತೊಟ್ಟು ಸ್ಟುಡಿಯೊಗೆ ಹೋಗಿದ್ದಾನೆ.

ಇಲ್ಲದ ಪದಕವನ್ನೂ ಓದಬೇಕು. 1914ರಲ್ಲೋ 1915ರಲ್ಲೋ ರಣರಂಗಕ್ಕೆ ಹೋದವರಿಗೆ ಇವೆರಡರ ಜೊತೆಗೆ ಒಂದು ಕಂಚಿನ ನಕ್ಷತ್ರ ಸಿಗುತ್ತಿತ್ತು. ಫ್ರಾನ್ಸ್, ಬೆಲ್ಜಿಯಂಗೆ 1914ರ ನವೆಂಬರ್ 22ರ ಒಳಗೆ ಹೋದವರಿಗೆ 1914ರ ನಕ್ಷತ್ರ. ಉಳಿದವರಿಗೆ 1914–15ರ ನಕ್ಷತ್ರ. ಮೈಸೂರು ಲ್ಯಾನ್ಸರ್ಸ್ 1914ರಲ್ಲೇ ಬೆಂಗಳೂರಿನಿಂದ ಹೊರಟು ಸೂಯೆಜ್ ಕಾಲುವೆ ಕಾಯಲು ಈಜಿಪ್ಟಿಗೆ ಹೋಗಿದ್ದರು. ಮೊದಲ ಹಡಗಿನಲ್ಲಿ ಹೋದವನಾಗಿದ್ದರೆ ಇವನಿಗೂ ನಕ್ಷತ್ರ ಇರಬೇಕಿತ್ತು. ಇಲ್ಲ. ಹಾಗಾದರೆ ಇವನು ಬದಲಿ ಸವಾರನಾಗಿ 1916ರಲ್ಲೋ ಆಮೇಲೋ ಹೋಗಿ ಸೇರಿದವನು.

ರಿಬ್ಬನ್ ಮಾತ್ರ ಕಾಣುತ್ತಿದ್ದರೆ ಒಂದು ಎಚ್ಚರ ಬೇಕು. ಆ ಕಾಲದ ಬಹಳಷ್ಟು ಫಿಲ್ಮ್, ಪ್ಲೇಟ್‌ಗಳಿಗೆ ಕೆಂಪು ಬಣ್ಣ ಕಾಣುತ್ತಲೇ ಇರಲಿಲ್ಲ. ಕೆಂಪು, ಕಿತ್ತಳೆ ಕಪ್ಪಾಗಿ ಬರುತ್ತವೆ, ನೀಲಿ ಬಿಳಿಚಿಕೊಳ್ಳುತ್ತದೆ. ವಾರ್ ಮೆಡಲ್‌ನ ರಿಬ್ಬನ್ ನಡುವೆ ಕಿತ್ತಳೆ, ಅಂಚಿಗೆ ನೀಲಿ. ಫೋಟೊದಲ್ಲಿ ನೋಡಿದರೆ ನಡುವೆ ಕಪ್ಪು, ಅಂಚು ತೆಳು ಬೂದು. ಇದು ಗೊತ್ತಿಲ್ಲದೆ ಬೇರೆ ಯಾವುದೋ ಪದಕ ಅಂತ ನಾನು ಎರಡು ತಿಂಗಳು ಸುಮ್ನೆ ಅಲೆದಿದ್ದೆ.

ಪದಕವೇ ಮನೆಯಲ್ಲಿದ್ದರೆ ಅದೃಷ್ಟ. ಮೊದಲ ಮಹಾಯುದ್ಧದ ವಾರ್ ಮೆಡಲ್‌ನ ಅಂಚನ್ನು ಬೆಳಕಿಗೆ ಹಿಡಿದು ತಿರುಗಿಸಿ. ನಂಬರ್, ಹುದ್ದೆ, ಹೆಸರು, ಪಲ್ಟಣ ಅಲ್ಲೇ ಒತ್ತಿರುತ್ತಾರೆ. ಬೆಳ್ಳಿಯ ಬದಲು ಕಂಚಿನದಾಗಿದ್ದರೆ, ಪಡೆದವರು ಸೈನ್ಯದ ಜೊತೆ ಹೋದ ಅಡುಗೆಯವರೋ, ಹೇಸರಗತ್ತೆ ಹೊಡೆಯುವವರೋ, ಕೂಲಿಗಳೋ ಆಗಿರುವ ಸಾಧ್ಯತೆ ಜಾಸ್ತಿ. ಅವರ ಚರಿತ್ರೆಯನ್ನು ಬರೆದವರು ಕಡಿಮೆ. ಅಂಥ ಪದಕ ನಿಮ್ಮ ಮನೆಯಲ್ಲಿದ್ದರೆ ದಯವಿಟ್ಟು ಹೆಚ್ಚು ಜೋಪಾನ ಮಾಡಿ. ಪಾಲಿಶ್ ಹಾಕಿ ಉಜ್ಜಬೇಡಿ, ಅಂಚಿನ ಅಕ್ಷರ ಸವೆಯುತ್ತದೆ.

ಹೆಜ್ಜೆ 6: ಊರಿನಿಂದ ಪಲ್ಟಣಕ್ಕೆ ದಾರಿ

ಬ್ಯಾಡ್ಜ್ ಓದಲು ಆಗದಿದ್ದರೆ ಊರಿನಿಂದ ಶುರು ಮಾಡಿ. ಆಗ ಕರ್ನಾಟಕ ಅಂತ ಒಂದು ರಾಜ್ಯ ಇರಲಿಲ್ಲ. ಬೆಳಗಾವಿ, ಧಾರವಾಡ, ವಿಜಯಪುರ, ಕಾರವಾರ ಮುಂಬಯಿ ಪ್ರಾಂತ್ಯದಲ್ಲಿದ್ದವು. ಮಂಗಳೂರು, ಬಳ್ಳಾರಿ ಮದ್ರಾಸಿನಲ್ಲಿ. ಕಲಬುರಗಿ, ಬೀದರ್, ರಾಯಚೂರು ನಿಜಾಮರ ಹೈದರಾಬಾದಿನಲ್ಲಿ. ಕೊಡಗು ಬೇರೆಯೇ. ಬೆಳಗಾವಿ ಕಡೆಯವರಾದರೆ ಮರಾಠಾ ಪಲ್ಟಣಗಳನ್ನು ಮೊದಲು ನೋಡಿ. ಬೆಂಗಳೂರು ದಂಡಿನ ಸುತ್ತಮುತ್ತಲಿನವರಾದರೆ ಮದ್ರಾಸ್ ಸ್ಯಾಪರ್ಸ್ ನೋಡಿ. ಹಲಸೂರು ಕೆರೆಯ ಬಳಿ ಇಂದಿಗೂ ಅವರ ಕೇಂದ್ರ ಇದೆ. ಮೈಸೂರು ಸೀಮೆಯವರಾದರೆ ಸಂಸ್ಥಾನದ ಲ್ಯಾನ್ಸರ್ಸ್, ಇನ್‌ಫೆಂಟ್ರಿ ಇವೆ. ಒಂದನೇ ಮೈಸೂರು ಇನ್‌ಫೆಂಟ್ರಿ ಎರಡನೇ ಮಹಾಯುದ್ಧದಲ್ಲಿ ಸಿಂಗಪುರದಲ್ಲಿತ್ತು. 1942ರ ಫೆಬ್ರವರಿ 15ರಂದು ಸಿಂಗಪುರ ಶರಣಾದಾಗ ಸೆರೆ ಸಿಕ್ಕಿತು. ‘ಅಜ್ಜ ಮೂರು ವರ್ಷ ಕಾಗದ ಬರೆಯಲಿಲ್ಲ’ ಎಂಬ ಮಾತು ಮನೆಯಲ್ಲಿ ಉಳಿದಿದ್ದರೆ ಈ ದಾರಿಯಲ್ಲಿ ಹುಡುಕಿ ನೋಡಿ.

ಹೆಜ್ಜೆ 7: ಆ ದಿನಕ್ಕೆ ಹೋಗಿ

ಪಲ್ಟಣ ಸಿಕ್ಕಿತು, ವರ್ಷ ಅಂದಾಜಾಯಿತು. ಈಗ ಆ ಪಲ್ಟಣ ದಿನದಿನ ಎಲ್ಲಿತ್ತು ಅಂತ ನೋಡಬೇಕು. ಅದಕ್ಕೆ ವಾರ್ ಡೈರಿ ಓದಬೇಕು. ರಣರಂಗದಲ್ಲಿದ್ದ ಪ್ರತಿ ಪಡೆಯೂ ದಿನಚರಿ ಬರೆಯಬೇಕಿತ್ತು. ಮೊದಲ ಮಹಾಯುದ್ಧದ ದಿನಚರಿಗಳು ಲಂಡನ್ನಿನ ಕ್ಯೂನಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನಲ್ಲಿ ‘ಡಬ್ಲ್ಯೂಒ 95’ ಎಂಬ ಸರಣಿಯಲ್ಲಿವೆ. ಬಹಳಷ್ಟನ್ನು ಆನ್‌ಲೈನ್‌ನಲ್ಲೇ ಓದಬಹುದು. ಮೈಸೂರು ಲ್ಯಾನ್ಸರ್ಸ್ ಬೇಕಾದರೆ 15ನೇ ಇಂಪೀರಿಯಲ್ ಸರ್ವಿಸ್ ಕ್ಯಾವಲ್ರಿ ಬ್ರಿಗೇಡ್ ಅಂತ ಹುಡುಕಿ.

ಹೈಫಾದ ದಿನವನ್ನೇ ನೋಡೋಣ. ಬಲಕ್ಕೆ ಕಿಶೋನ್ ನದಿ, ಎಡಕ್ಕೆ ಕಾರ್ಮೆಲ್ ಬೆಟ್ಟ, ನಡುವೆ ಊರಿಗೆ ಹೋಗುವ ಇಕ್ಕಟ್ಟಿನ ದಾರಿ. ಬೆಟ್ಟದ ಮೇಲೆ ತುರ್ಕರ ಕಡೆಯ ಫಿರಂಗಿಗಳು. ಮೈಸೂರಿನ ಒಂದು ಸ್ಕ್ವಾಡ್ರನ್ ಆ ಫಿರಂಗಿ ಹಿಡಿಯಲು ಕಡಿದಾದ ಬೆಟ್ಟ ಹತ್ತಿತು. ಮಧ್ಯಾಹ್ನ 2 ಗಂಟೆಗೆ ಜೋಧಪುರ ಲ್ಯಾನ್ಸರ್ಸ್ ಕೆಳಗಿನಿಂದ ನುಗ್ಗಿದರು. ಅವರನ್ನು ಮುನ್ನಡೆಸಿದ ಮೇಜರ್ ದಳಪತ್ ಸಿಂಗ್ ಅಲ್ಲೇ ಮಡಿದರು. ಸಂಜೆಗೆ ಊರು ಕೈಗೆ ಬಂತು. 1,350 ಸೆರೆಯಾಳುಗಳು, 17 ಫಿರಂಗಿಗಳು ಸಿಕ್ಕವು. ಬ್ರಿಗೇಡಿನ ಕಡೆ 8 ಜನ ಸತ್ತರು, 34 ಜನಕ್ಕೆ ಗಾಯ. ಕುದುರೆಗಳು 60 ಸತ್ತವು, 83 ಗಾಯಗೊಂಡವು. ಕುದುರೆಗಳ ಲೆಕ್ಕ ನೋಡಿದಾಗ ಆ ದಾರಿ ಹೇಗಿತ್ತು ಅಂತ ನನಗೆ ಅರ್ಥವಾಯಿತು.

ಅಲ್ಲಿಗೆ ನಿಲ್ಲಿಸಬೇಡಿ. ನಮ್ಮವರಿಗೆ ಹೈಫಾ ಗೊತ್ತು, ಹರಿತಾನ್ ಗೊತ್ತಿಲ್ಲ. ಅಕ್ಟೋಬರ್ 26ರಂದು ಸಿರಿಯಾದ ಅಲೆಪ್ಪೊ ಹತ್ತಿರದ ಹರಿತಾನ್‌ನಲ್ಲಿ ಇದೇ ಮೈಸೂರು ಸವಾರರು ಜೋಧಪುರದವರ ಜೊತೆ ಮತ್ತೆ ಭರ್ಜಿ ಹಿಡಿದು ನುಗ್ಗಿದರು. ನಾಲ್ಕೇ ದಿನಕ್ಕೆ ತುರ್ಕರೊಂದಿಗೆ ಯುದ್ಧವಿರಾಮ ಆಯಿತು. ಮನೆಯಲ್ಲಿ ‘ಹೈಫಾ’ ಅಂತ ಉಳಿದಿರುವ ಕಥೆ ಹರಿತಾನ್‌ನದ್ದೂ ಆಗಿರಬಹುದು.

ಮಡಿದವರನ್ನು ಹುಡುಕಲು ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್‌ನ ಪಟ್ಟಿ ಇದೆ. ಉಚಿತ. ಎಷ್ಟೋ ಕಡೆ ತಂದೆಯ ಹೆಸರು, ಊರು, ತಾಲ್ಲೂಕು ಕೂಡ ಕೊಟ್ಟಿರುತ್ತಾರೆ. ಆದರೆ ನಮ್ಮ ಹೆಸರುಗಳನ್ನು ಇಂಗ್ಲಿಷ್ ಗುಮಾಸ್ತರು ಕಿವಿಗೆ ಬಿದ್ದ ಹಾಗೆ ಬರೆದುಕೊಂಡಿದ್ದಾರೆ. ಗೌಡ, ಅರಸು ಥರದ ಹೆಸರಿಗೆ ಮೂರು ನಾಲ್ಕು ಕಾಗುಣಿತ ಹಾಕಿ ನೋಡಿ. ಊರಿಗೂ ಹಳೆಯ ಇಂಗ್ಲಿಷ್ ಕಾಗುಣಿತವೇ ಬೇಕು. ಬದುಕಿ ಬಂದವರ ಜಾಡು ಬೇಕಾದರೆ ವಿಧಾನಸೌಧದಲ್ಲಿರುವ ಕರ್ನಾಟಕ ರಾಜ್ಯ ಪತ್ರಾಗಾರಕ್ಕೆ ಹೋಗಿ. ಸಂಸ್ಥಾನದ ಕಾಲದ ಕಡತಗಳು ಅಲ್ಲಿವೆ. ದೆಹಲಿಯ ರಾಷ್ಟ್ರೀಯ ಪತ್ರಾಗಾರದ ‘ಅಭಿಲೇಖ್ ಪಟಲ್’ ಜಾಲತಾಣವನ್ನು ಮನೆಯಿಂದಲೇ ನೋಡಬಹುದು. ಲ್ಯಾನ್ಸರ್ಸ್ ಈಗಿಲ್ಲ. ಸಂಸ್ಥಾನಗಳ ಅಶ್ವದಳಗಳನ್ನೆಲ್ಲ ಸೇರಿಸಿ 1953ರಲ್ಲಿ 61ನೇ ಕ್ಯಾವಲ್ರಿ ಮಾಡಿದರು.

ಹೆಜ್ಜೆ 8: ಕ್ಯಾಮೆರಾ ಎಲ್ಲಿತ್ತು ಅಂತ ಕೇಳಿ

ಇದು ಪುಸ್ತಕ, ಪತ್ರಿಕೆ, ಇಂಟರ್‌ನೆಟ್‌ನಲ್ಲಿ ಸಿಗುವ ಯುದ್ಧದ ಚಿತ್ರಗಳಿಗೆ. ಸೈನಿಕರು ಬಯೋನೆಟ್ ಹಿಡಿದು ಎದುರಿಗೇ ಓಡಿಬರುತ್ತಿದ್ದಾರೆ ಅಂದರೆ, ಫೋಟೊಗ್ರಾಫರ್ ಶತ್ರುವಿನ ಕಡೆ ನಿಂತಿರಬೇಕು. ನಿಜವಾದ ದಾಳಿಯಲ್ಲಿ ಅದು ಆಗುವ ಮಾತಾ? 1915ರಲ್ಲಿ ಫ್ರಾನ್ಸಿನಲ್ಲಿ ಭಾರತೀಯ ಸೈನಿಕರ ಚಿತ್ರ ತೆಗೆದ ಎಚ್.ಡಿ. ಗರ್ಡ್‌ವುಡ್ ಅವರ ಸಂಗ್ರಹ ಬ್ರಿಟಿಷ್ ಲೈಬ್ರರಿಯಲ್ಲಿದೆ. ಅದರಲ್ಲಿ ಗೂರ್ಖಾಗಳು ಕಂದಕಕ್ಕೆ ನುಗ್ಗುವ ಚಿತ್ರ ಇದೆ. ಅದು ಕ್ಯಾಮೆರಾಗಾಗಿ ಮಾಡಿಸಿದ್ದು. ಅದರಲ್ಲಿರುವ ಜನ, ಉಡುಪು, ಆಯುಧ ಎಲ್ಲ ನಿಜ. ಆ ದಾಳಿ ಮಾತ್ರ ನಡೆದದ್ದಲ್ಲ. ಉಡುಪು ತಿಳಿಯಲು ಆ ಚಿತ್ರ ಬಳಸಿ, ಯುದ್ಧ ತಿಳಿಯಲು ಬಳಸಬೇಡಿ.

ನಮ್ಮ ನೆಲದ ಉದಾಹರಣೆ ಇನ್ನೂ ಕಠಿಣ. ಲಖನೌದ ಸಿಕಂದರ್ ಬಾಗ್. 1857ರ ನವೆಂಬರ್‌ನಲ್ಲಿ ಅಲ್ಲಿ ಸುಮಾರು 2,000 ಬಂಡಾಯಗಾರರನ್ನು ಬ್ರಿಟಿಷ್ ಪಡೆ ಕೊಂದಿತು. ಫೆಲಿಚೆ ಬಿಯಾಟೊ ತೆಗೆದ ಚಿತ್ರದಲ್ಲಿ ಪಾಳುಬಿದ್ದ ಕಟ್ಟಡ, ಮುಂದೆ ಅಂಗಳದ ತುಂಬ ಎಲುಬು, ತಲೆಬುರುಡೆ. ಆದರೆ ಬಿಯಾಟೊ ಲಖನೌಗೆ ಬಂದದ್ದೇ 1858ರ ಮಾರ್ಚ್‌ನಲ್ಲಿ. ನಾಲ್ಕು ತಿಂಗಳ ನಂತರ ಅಷ್ಟೊಂದು ಎಲುಬು ಹಾಗೆ ಹರಡಿಕೊಂಡಿರಲು ಕಾರಣ, ಚಿತ್ರಕ್ಕಾಗಿ ಅವನ್ನು ಹೊರತೆಗೆಸಿ ಹರಡಿಸಿದ್ದು ಎಂಬುದು ಚರಿತ್ರೆಕಾರರ ಅಭಿಪ್ರಾಯ. ಸತ್ತವರ ಎಲುಬನ್ನು ಅಲಂಕಾರ ಮಾಡಿಕೊಂಡದ್ದು ನನಗೆ ಇಂದಿಗೂ ಸಹಿಸಲು ಆಗುವುದಿಲ್ಲ. ಚಿತ್ರದ ತಾರೀಖು, ಘಟನೆಯ ತಾರೀಖು ಎರಡನ್ನೂ ಬೇರೆ ಬೇರೆ ಬರೆದುಕೊಳ್ಳಿ ಅನ್ನುವುದು ಇದಕ್ಕೇ.

ಒಂದೇ ದೃಶ್ಯದ ಬೇರೆ ಪ್ರತಿಗಳು ಸಿಗುತ್ತವಾ ಅಂತಲೂ ನೋಡಿ. 1855ರಲ್ಲಿ ಕ್ರೈಮಿಯಾದಲ್ಲಿ ರೋಜರ್ ಫೆಂಟನ್ ಒಂದು ಕಣಿವೆಯ ಎರಡು ಚಿತ್ರ ತೆಗೆದರು. ಒಂದರಲ್ಲಿ ರಸ್ತೆಯ ಮೇಲೆ ಫಿರಂಗಿ ಗುಂಡುಗಳಿವೆ, ಇನ್ನೊಂದರಲ್ಲಿ ರಸ್ತೆ ಖಾಲಿ. ಯಾವುದು ಮೊದಲು? ಬಹಳ ವರ್ಷ ವಾದ ನಡೆಯಿತು. ಕೊನೆಗೆ ಉತ್ತರ ಹೇಳಿದ್ದು ಇಳಿಜಾರಿನ ಸಣ್ಣ ಕಲ್ಲುಗಳು. ಗುಂಡು ರಸ್ತೆಯ ಮೇಲಿರುವ ಚಿತ್ರದಲ್ಲಿ ಆ ಕಲ್ಲುಗಳು ಕೆಳಕ್ಕೆ ಜಾರಿವೆ. ಕಲ್ಲು ತಾನಾಗಿ ಮೇಲಕ್ಕೆ ಹತ್ತುವುದಿಲ್ಲ. ಹಾಗಾಗಿ ಖಾಲಿ ರಸ್ತೆಯೇ ಮೊದಲು.

ತಿದ್ದಿದ ಚಿತ್ರಗಳೂ ಇವೆ. 1945ರ ಮೇ 2ರಂದು ಬರ್ಲಿನ್ನಿನ ಸಂಸತ್ ಭವನ ರೈಖ್‌ಸ್ಟಾಗ್ ಮೇಲೆ ಸೋವಿಯತ್ ಬಾವುಟ ಹಿಡಿಸಿ ಯೆವ್ಗೆನಿ ಖಾಲ್ದೇಯ್ ತೆಗೆದ ಚಿತ್ರ ನೋಡಿರುತ್ತೀರಿ. ಅದರಲ್ಲಿ ಒಬ್ಬ ಸೈನಿಕನ ಎರಡೂ ಕೈಗೆ ಗಡಿಯಾರ ಇದ್ದ ಹಾಗೆ ಕಾಣುತ್ತಿತ್ತು. ಲೂಟಿ ಮಾಡಿದ್ದು ಅಂತ ಜನ ಅಂದುಕೊಂಡಾರು ಅಂತ ಒಂದನ್ನು ಅಳಿಸಿದರು. ಆಮೇಲೆ ಹೊಗೆಯನ್ನೂ ದಟ್ಟ ಮಾಡಿದರು.

ಹೆಜ್ಜೆ 9: ಮುಖಕ್ಕೆ ಹೆಸರು ಕೊಡುವ ಮುಂಚೆ

ಗುಂಪು ಫೋಟೊದಲ್ಲಿ ‘ಇವರೇ ನಮ್ಮ ತಾತ’ ಅಂತ ಬೆರಳಿಡಲು ಎಲ್ಲರಿಗೂ ಆಸೆ. ಸ್ವಲ್ಪ ತಡೆಯಿರಿ. 1945ರ ಫೆಬ್ರವರಿ 23ರಂದು ಜಪಾನಿನ ಐವೊ ಜಿಮಾ ದ್ವೀಪದಲ್ಲಿ ಜೋ ರೋಸೆಂತಾಲ್ ತೆಗೆದ ಚಿತ್ರದಲ್ಲಿ ಬಾವುಟ ಏರಿಸುವವರು ಆರು ಜನ. ಅಮೆರಿಕದ ಮರೀನ್ ಪಡೆಯೇ ಅವರ ಹೆಸರುಗಳನ್ನು ಮೂರು ಸಲ ತಿದ್ದಿತು: 1947, 2016, 2019. ಕೊನೆಯ ಎರಡು ತಪ್ಪು ಹಿಡಿದವರು ಹವ್ಯಾಸಿಗಳು. ಅದೇ ಹೊತ್ತಿನಲ್ಲಿ ತೆಗೆದ ಬೇರೆ ಫೋಟೊ, ಚಲನಚಿತ್ರಗಳನ್ನು ಒಂದೊಂದಾಗಿ ಹೋಲಿಸಿದರು. ಒಬ್ಬನ ಹೆಲ್ಮೆಟ್ಟಿನ ಜೋತಾಡುವ ಪಟ್ಟಿ, ಇನ್ನೊಬ್ಬನ ಬೆರಳಿನ ಮದುವೆ ಉಂಗುರ. ಅಷ್ಟೇ ಸಾಕಾಯಿತು. ಹಾಗೆಯೇ ಮುಖದ ಹೋಲಿಕೆಗಿಂತ ಕಿವಿಯ ಆಕಾರ, ಗಾಯದ ಗುರುತು, ಉಂಗುರ ನೋಡಿ. ಅದೇ ವ್ಯಕ್ತಿಯ ಖಚಿತವಾದ ಇನ್ನೊಂದು ಫೋಟೊ ಪಕ್ಕದಲ್ಲಿಟ್ಟು ನೋಡಿ.

ಅಭ್ಯಾಸಕ್ಕೆ 1971ರ ಡಿಸೆಂಬರ್ 16ರ ಢಾಕಾ ಚಿತ್ರ ತೆಗೆದುಕೊಳ್ಳಿ. ಪಾಕಿಸ್ತಾನದ ಜನರಲ್ ನಿಯಾಜಿ ಶರಣಾಗತಿಗೆ ಸಹಿ ಹಾಕುತ್ತಿದ್ದಾರೆ, ಪಕ್ಕದಲ್ಲಿ ಪೇಟ ಧರಿಸಿದ ಭಾರತದ ಜನರಲ್ ಅರೋರಾ. ಕುಳಿತ ಇಬ್ಬರ ಹೆಸರು ಎಲ್ಲರಿಗೂ ಗೊತ್ತು. ಹಿಂದೆ ನಿಂತವರಲ್ಲಿ ನೌಕಾಪಡೆಯ ಕೃಷ್ಣನ್, ವಾಯುಪಡೆಯ ದಿವಾನ್, ಭೂಸೇನೆಯ ಸಗತ್ ಸಿಂಗ್, ಜೇಕಬ್ ಯಾರು ಯಾರು? ಹೆಸರು ನೋಡದೆ, ಉಡುಪು, ಭುಜದ ಗುರುತಿನಿಂದಲೇ ಹೇಳಲು ಪ್ರಯತ್ನಿಸಿ.

ಹೆಜ್ಜೆ 10: ಬರೆದಿಡಿ

ಫೋಟೊದ ಹಿಂದೆ ಪೆನ್ನಿನಲ್ಲಿ ಬರೆಯಬೇಡಿ. ಮೆತ್ತನೆಯ ಪೆನ್ಸಿಲ್ ತೆಗೆದುಕೊಂಡು, ಅಂಚಿನಲ್ಲಿ, ಒತ್ತದೆ ಬರೆಯಿರಿ. ಹಳೆಯ ಬರಹ ತಪ್ಪಿದ್ದರೂ ಅಳಿಸಬೇಡಿ. ಗೊತ್ತಾದದ್ದು, ಅಂದಾಜು, ಮನೆಯವರ ಮಾತು, ಮೂರನ್ನೂ ಬೇರೆ ಬೇರೆ ಸಾಲಿನಲ್ಲಿಡಿ. ಬರೆದವರ ಹೆಸರು, ತಾರೀಖು ಹಾಕಿ.

ನಮ್ಮ ದೇವರ ಕೋಣೆಯ ಫೋಟೊ ಗಾಜಿಗೆ ಅಂಟಿಕೊಂಡಿದೆ. ಹಾಗಾಗಿ ಒಂದು ಚೀಟಿ ಬರೆದು ಫ್ರೇಮಿನ ಹಿಂದಿನ ರಟ್ಟಿಗೆ ಸಿಕ್ಕಿಸಿದ್ದೇವೆ. ಅದರಲ್ಲಿ ಹೀಗಿದೆ: ‘ಮೈಸೂರು ಲ್ಯಾನ್ಸರ್ಸ್ ಸವಾರ. ಸ್ಟುಡಿಯೊದಲ್ಲಿ ತೆಗೆದದ್ದು, 1919ರ ನಂತರ. ರಣರಂಗಕ್ಕೆ ಹೋದದ್ದು 1916ಕ್ಕಿಂತ ಮುಂಚೆ ಅಲ್ಲ. ಹೈಫಾದಲ್ಲಿದ್ದರು ಎಂಬುದು ಮನೆಯವರ ಮಾತು.’